ಬೆಲ್ಲಕ್ಕೆ ಕಟ್ಟಿದ ದಾರ

ಹುಮನಾಬಾದಿನ ಬೆಲ್ಲದ ವ್ಯಾಪಾರಿ ಮಹಾರುದ್ರಪ್ಪನವರು ಸುಳ್ಳು ಹೇಳುವವರಲ್ಲ. ಮುಂದೆ ನಿಜವಾಗಬಹುದಾದದ್ದನ್ನು ಸ್ವಲ್ಪ ಮುಂಚೆಯೇ ಹೇಳಿಬಿಡುತ್ತಿದ್ದರು, ಅಷ್ಟೇ. ನಾಳೆ ಕೊಡಂಬಲದಿಂದ ಬೆಲ್ಲದ ಗಾಡಿ ಬರುತ್ತದೆ ಎಂದು ಗಿರಾಕಿಗೆ ಮಾತು ಕೊಟ್ಟ ಮೇಲೆ ಆಳನ್ನು ಕೊಡಂಬಲಕ್ಕೆ ಓಡಿಸುವುದು ಅವರ ಪದ್ಧತಿ. ಗಾಡಿ ಹೇಗೋ ಬರುತ್ತಿತ್ತು, ಮಾತು ಹೇಗೋ ಉಳಿಯುತ್ತಿತ್ತು. ವರ್ಷಗಟ್ಟಲೆ ಸುಸೂತ್ರವಾಗಿ ನಡೆದುಕೊಂಡು ಬಂದ ಈ ಪದ್ಧತಿ ಬಚ್ಚಲಿನ ವಿಷಯದಲ್ಲಿ ಮಾತ್ರ ಕೈಕೊಟ್ಟಿತು.

ಅದು ಎಪ್ಪತ್ತೊಂಬತ್ತನೆಯ ಇಸವಿ. ಹುಮನಾಬಾದಿಗೆ ಟಿ.ವಿ. ಇನ್ನೂ ಬಂದಿರಲಿಲ್ಲ, ಆದ್ದರಿಂದ ಜನ ಒಬ್ಬರ ಮನೆಯನ್ನು ಒಬ್ಬರು ಕಣ್ತುಂಬ ನೋಡುತ್ತಿದ್ದರು. ಮಗಳು ಮೀರಾಬಾಯಿಯ ನಿಶ್ಚಯಕ್ಕೆಂದು ಮಹಾರುದ್ರಪ್ಪನವರು ಬಸವಕಲ್ಯಾಣಕ್ಕೆ ಹೋದರು. ಹುಡುಗ ದಿಗಂಬರನ ತಂದೆ ಬಸವಣಪ್ಪನವರದು ಅಲ್ಲಿ ಹೆಸರುವಾಸಿ ಅರಿವೆ ಅಂಗಡಿ. ಊಟ ಮುಗಿದು ಎಲೆ ಅಡಿಕೆ ಬಂದಾಗ ಬಸವಣಪ್ಪನವರು ತಾವು ಹೊಸದಾಗಿ ತರಿಸಿದ ಸಾಗುವಾನಿ ಜೋಕಾಲಿಯ ಕತೆ ತೆಗೆದರು. ಕತೆ ಉದ್ದವಿತ್ತು, ಜೋಕಾಲಿ ಇನ್ನೂ ಉದ್ದವಿತ್ತು. ಕೇಳುತ್ತ ಕೇಳುತ್ತ ಮಹಾರುದ್ರಪ್ಪನವರ ಹೊಟ್ಟೆಯಲ್ಲಿ ಸಣ್ಣಗೆ ಉರಿ ಎದ್ದಿತು. ತಮ್ಮ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ ಎಂದು ಮನಸ್ಸಿನಲ್ಲೇ ಕೋಣೆ ಕೋಣೆ ಸುತ್ತಿ ಬಂದರು, ಏನೂ ಸಿಗಲಿಲ್ಲ. ಆಗ, ಹಿಂದಿನ ವರ್ಷ ಹೈದರಾಬಾದಿನ ಲಾಡ್ಜೊಂದರಲ್ಲಿ ಕಂಡಿದ್ದ ಬಚ್ಚಲು ನೆನಪಾಯಿತು. ಬಾಯಿ ತಾನಾಗಿಯೇ ತೆರೆದುಕೊಂಡಿತು.

“ನಮ್ಮ ಬಚ್ಚಲದಾಗ ಗ್ವಾಡಿಗೆ ಬಿಳಿ ಟೈಲ್ಸ್ ಹಚ್ಚಿಸೇವ್ರಿ, ಬೀಗರ. ಮಾರಿ ಕಾಣತದ. ಸಾಲು ನೋಡಿದ್ರ ನೀರು ನಿಂತಂಗ ಮಟ್ಟ.”

ಟೈಲ್ಸಿನ ತನಕ ಹೇಳಿ ನಿಲ್ಲಿಸಿದ್ದರೆ ಬದುಕುತ್ತಿದ್ದರು. ಮಟ್ಟದ ಮಾತು ಎತ್ತಬಾರದಿತ್ತು, ಅದೂ ಬಸವಣಪ್ಪನವರ ಮುಂದೆ. ಸೊಟ್ಟಗಿರುವ ವಸ್ತು ಕಣ್ಣಿಗೆ ಬಿದ್ದರೆ ಆ ಮನುಷ್ಯನಿಗೆ ಅನ್ನ ಸೇರುತ್ತಿರಲಿಲ್ಲ. ಹೆಣ್ಣು ನೋಡಲು ಹುಮನಾಬಾದಿಗೆ ಬಂದಾಗ, ಹುಡುಗಿ ಇನ್ನೇನು ಹೊರಗೆ ಬರಬೇಕು ಎನ್ನುವಷ್ಟರಲ್ಲಿ, ಅವಲಕ್ಕಿ ತಟ್ಟೆ ಕೆಳಗಿಟ್ಟು ಎದ್ದು ಹೋಗಿ, ಪಡಸಾಲೆಯಲ್ಲಿ ತೂಗಿದ್ದ ಮಹಾರುದ್ರಪ್ಪನವರ ರುಮಾಲು ಸುತ್ತಿದ ಫೋಟೋವನ್ನು ಕೂದಲೆಳೆಯಷ್ಟು ಸರಿಸಿ ಬಂದು, ಆಮೇಲೆ ಹುಡುಗಿಯನ್ನು ನೋಡಿದವರು ಅವರು. ಅಂಗಡಿಯಲ್ಲಿ ಅರಿವೆ ಹರಿಯುವಾಗ ಗಜಕಡ್ಡಿ ಮುಟ್ಟುತ್ತಿರಲಿಲ್ಲ. ಕಣ್ಣಳತೆಯ ಮೇಲೆ ಸರ್ರನೆ ಹರಿದರೆ ಅಂಚು ನೆಟ್ಟಗೆ ಬರುತ್ತಿತ್ತು. ಬಸವಕಲ್ಯಾಣದಲ್ಲಿ ಮನೆ ಕಟ್ಟಿಸಿದವರು ಗೌಂಡಿಯ ಕೆಲಸ ಮುಗಿದ ಮೇಲೆ ಬಸವಣಪ್ಪನವರನ್ನು ಚಹಾಕ್ಕೆ ಕರೆಯುತ್ತಿದ್ದರು. ಚಹಾ ನೆಪ. ಅವರು ಗೋಡೆ ನೋಡಿ ಹೂಂ ಎಂದರೆ ಮನೆ ಪಾಸು.

ಅಂಥ ಕಣ್ಣು ಈಗ ಮಹಾರುದ್ರಪ್ಪನವರ ಮೇಲೆ ನೆಟ್ಟಿತು. ಅಂಥ ಮಟ್ಟವನ್ನು ತಾವು ಒಮ್ಮೆ ನೋಡಲೇಬೇಕು ಎಂದರು ಬಸವಣಪ್ಪನವರು.

ಮದುವೆ ಗಂಡಿನವರ ಊರಲ್ಲೇ ಆಯಿತು. ಬೀಗರು ಯಾರೂ ಹುಮನಾಬಾದಿನ ಬಚ್ಚಲಿನತ್ತ ಸುಳಿಯಲಿಲ್ಲ. ಮಾತು ಅಲ್ಲಿಗೇ ಸತ್ತಿತು ಎಂದು ಮಹಾರುದ್ರಪ್ಪನವರು ನಿಶ್ಚಿಂತರಾದರು. ಪಂಚಮಿಗೆ ತವರಿಗೆ ಬಂದ ಮೀರಾಬಾಯಿ, ಉಂಡಿ ತಿನ್ನುತ್ತ ಕುಳಿತಿದ್ದ ತಂದೆಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಅಪ್ಪಾ, ಮಾವ ಅಂಗಡಿಗಿ ಬಂದ ಮಂದಿಗೆಲ್ಲಾ ನಮ್ಮ ಬಚ್ಚಲದ ಸುದ್ದಿ ಹೇಳಾಕತ್ತಾರ. ದೀವಳಿಗಿಗಿ ಇವರ ಜೋಡಿ ತಾವೂ ಬರ್ತಾರಂತ, ನೋಡಾಕ. ಖರೇ ಏನವಾ ಅಂತ ನನ್ನ ಕೇಳಿದ್ರು. ನಾ ಹೌದ್ರಿ ಅಂದೀನಿ.”

ತಾವು ಆಡಿದ ನೂರು ಮಾತುಗಳ ಭಾರವನ್ನು ಹೊತ್ತೂ ಮಹಾರುದ್ರಪ್ಪನವರು ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿದ್ದರು. ಆದರೆ ಮಗಳು, ಗಂಡನ ಮನೆಗೆ ಹೋಗಿ ಇನ್ನೂ ಮೂರು ಹಬ್ಬ ಕಾಣದ ಮಗಳು, ತಂದೆಯ ಮಾನ ಕಾಯಲು ಮಾವನ ಮುಂದೆ ಸುಳ್ಳಾಡಿದ್ದಳು. ಅದು ಅವರಿಗೆ ಚುಚ್ಚಿತು. ದೀಪಾವಳಿಗೆ ಬೀಗರು ಬಂದು ಹೊಗೆ ಹಿಡಿದ ಬಚ್ಚಲು ನೋಡಿದರೆ ತಮ್ಮ ಮರ್ಯಾದೆಯಂತೂ ಹೋಗುತ್ತದೆ, ಮಗಳ ಮಾತಿಗೂ ಆ ಮನೆಯಲ್ಲಿ ಮುಂದೆ ಬೆಲೆ ಇರುವುದಿಲ್ಲ. ಅವರು ಅರ್ಧ ಉಂಡಿಯನ್ನು ಹಾಗೇ ಬಿಟ್ಟು ಎದ್ದರು.

ಹೆಂಡತಿ ಕಸ್ತೂರಿಬಾಯಿಗೆ ಎಲ್ಲ ಗೊತ್ತಾದರೂ ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡನನ್ನು ಬಚ್ಚಲಿಗೆ ಕರೆದೊಯ್ದು ನಿಲ್ಲಿಸಿ, ಟೈಲ್ಸನ್ನು ಯಾವ ಗೋಡೆಗೆ ಅಂಟಿಸುತ್ತೀರಿ ಎಂದಷ್ಟೇ ಕೇಳಿದಳು. ಕೇಳುವಂಥದ್ದೇ. ಹಂಡೆಯ ಹೊಗೆಗೆ ಗೋಡೆಗಳೆಲ್ಲ ಕರ್ರಗಾಗಿದ್ದವು. ಉದ್ದನೆಯ ಗೋಡೆಯ ಆಚೆಗೇ ಬೆಲ್ಲದ ಕೋಣೆ ಇತ್ತು. ಬಚ್ಚಲಿನ ನೀರು ಗೋಡೆಯಲ್ಲಿ ಜಿನುಗಿ ಜಿನುಗಿ ಮಳೆಗಾಲದಲ್ಲಿ ಆಚೆಯ ಬೆಲ್ಲದ ಪೆಂಟೆಗಳು ಕುಳಿತಲ್ಲೇ ಬೆವರುತ್ತಿದ್ದವು. ಇಂಥ ಒದ್ದೆ ಗೋಡೆಗೆ ಏನು ಅಂಟಿಸಿದರೂ ಉದುರುವುದೇ.

ಖಾಜಾ ಗೌಂಡಿಗೆ ಕರೆ ಹೋಯಿತು. ಖಾಜಾ ಊರಿನ ಅರ್ಧ ಮನೆಗಳಿಗೆ ಶಹಾಬಾದಿ ಫರಸಿ ಕಲ್ಲು ಹಾಸಿದವನು. ಗಂಭೀರ ಮನುಷ್ಯ, ಅತ್ತರು ಹಚ್ಚಿಕೊಂಡೇ ಕೆಲಸಕ್ಕೆ ಬರುತ್ತಿದ್ದ. ಗೋಡೆಗೆ ಟೈಲ್ಸ್ ಕೂರಿಸಿ ರೂಢಿ ಇದೆಯೇ ಎಂದು ಕೇಳಿದಾಗ, ಹೈದರಾಬಾದಿನಲ್ಲಿ ದವಾಖಾನೆಯೊಂದರ ಪೂರಾ ಕೆಲಸ ತನ್ನ ಕೈಯಲ್ಲೇ ಆದದ್ದು ಎಂದ. ಕೈಯಲ್ಲಿ ಆದದ್ದು ನಿಜ. ಅವನು ಅಲ್ಲಿ ಟೈಲ್ಸಿನ ಪೆಟ್ಟಿಗೆ ಹೊತ್ತಿದ್ದ. ಇನ್ನೊಬ್ಬರ ಇಂಥ ಮಾತನ್ನು ಮಹಾರುದ್ರಪ್ಪನವರು ಬೇಗ ಗುರುತಿಸಬೇಕಿತ್ತು, ಆದರೆ ಗರಜು ಅವರದಾಗಿತ್ತು.

ಒಂದು ಕೆಲಸವನ್ನು ಮಾತ್ರ ಖಾಜಾ ಮನಸ್ಸಿಟ್ಟು ಮಾಡಿದ, ಅದನ್ನು ಒಪ್ಪಲೇಬೇಕು. ಹಳೆಯ ಗಿಲಾವೆಲ್ಲ ಕೆತ್ತಿ ತೆಗೆದು, ನೀರು ತಡೆಯುವ ಪುಡಿ ಬೆರೆಸಿದ ಸಿಮೆಂಟಿನಿಂದ ಹೊಸ ಗಿಲಾವು ಮಾಡಿದ. ಅದು ಒಣಗಿದ ಮೇಲೆ ಬಿಸಿ ಡಾಂಬರು ಬಳಿದು, ಡಾಂಬರು ಹಸಿಯಿದ್ದಾಗಲೇ ಮುಷ್ಟಿಗಟ್ಟಲೆ ಮರಳು ಎರಚಿದ. ಮರಳು ಕಚ್ಚಿಕೊಂಡಿದ್ದರೆ ಮೇಲೆ ಸಿಮೆಂಟು ಹಿಡಿಯುತ್ತದೆ. ಬಚ್ಚಲು ಮೊದಲಿಗಿಂತ ಕರ್ರಗಾಯಿತು. ಆಮೇಲೆ ನೀರೆರಚಿ ಎರಚಿ ನೋಡಿದರು. ಆಚೆಯ ಕೋಣೆಯಲ್ಲಿ ಮಹಾರುದ್ರಪ್ಪನವರು ಗೋಡೆಗೆ ಕೆನ್ನೆಯಿಟ್ಟು ನಿಂತರು. ಒಂದು ಹನಿ ದಾಟಲಿಲ್ಲ. ಖಾಜಾ ಗಡ್ಡ ನೀವಿಕೊಂಡು, ಈ ಗೋಡೆಗೆ ಇನ್ನು ಒಂದು ಮೊಳೆ ಹೊಡೆದರೂ ಡಾಂಬರು ಹರಿದು ನೀರು ನೇರ ಬೆಲ್ಲಕ್ಕೆ ಹೋಗುತ್ತದೆ, ಹುಷಾರು ಎಂದ. ಮಹಾರುದ್ರಪ್ಪನವರು ಆ ಮಾತನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡರೆಂದರೆ ಮನೆಯಲ್ಲಿದ್ದ ಮೊಳೆಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ತಿಜೋರಿಯಲ್ಲಿ ಇಟ್ಟು ಕೀಲಿ ಹಾಕಿದರು.

ಹೈದರಾಬಾದಿನಿಂದ ಹುಲ್ಲಿನಲ್ಲಿ ಸುತ್ತಿದ ಟೈಲ್ಸು ಬಂತು. ಒಂದನ್ನು ತೆಗೆದು ಒರೆಸಿದರೆ ನಿಜವಾಗಿಯೂ ಮುಖ ಕಂಡಿತು. ಖಾಜಾ ಒಂದು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಅದರ ಒಂದು ತುದಿಯನ್ನು ಉದ್ದ ಗೋಡೆಯ ಈ ಮೂಲೆಗೂ ಇನ್ನೊಂದನ್ನು ಆ ಮೂಲೆಗೂ ಹಿಡಿಸಿ, ಎರಡೂ ಕಡೆ ನೀರು ನಿಂತಲ್ಲಿ ಗುರುತು ಹಾಕಿದ. ಬಚ್ಚಲಿನ ನೆಲ ಮೋರಿಯ ಕಡೆ ಇಳಿಜಾರಿರುತ್ತದೆ, ಅದನ್ನು ನಂಬಿ ಸಾಲು ಕೂರಿಸಿದರೆ ಸಾಲೂ ಮೋರಿಗೆ ಹೋಗುತ್ತದೆ. ಆದ್ದರಿಂದ ನೆಲದಿಂದ ಒಂದು ಟೈಲ್ಸಿನಷ್ಟು ಮೇಲೆ ಮಟ್ಟದ ದಾರ ಕಟ್ಟಿ, ಮೊದಲ ಸಾಲನ್ನು ಆ ದಾರಕ್ಕೆ ಕೂರಿಸಿ, ಕೆಳಗಿನದನ್ನು ಕೊನೆಗೆ ಕತ್ತರಿಸಿ ತುಂಬಬೇಕು ಎಂದು ವಿವರಿಸಿದ. ಇಲ್ಲಿಯ ತನಕ ಎಲ್ಲ ಸರಿ. ದಾರ ಕಟ್ಟಲು ಅವನು ಕೈ ಚಾಚಿ ಮೊಳೆ ಕೇಳಿದ.

ಮಹಾರುದ್ರಪ್ಪನವರು ಅವನನ್ನೇ ನೋಡಿದರು. ಖಾಜಾನಿಗೆ ತನ್ನ ಮಾತು ತನಗೇ ನೆನಪಾಯಿತು.

ಇಬ್ಬರೂ ಬಹಳ ಹೊತ್ತು ಯೋಚಿಸಿದರು. ಇಟ್ಟಂಗಿ ಪೇರಿಸಿ ಅದರ ಮೇಲೆ ಕಟ್ಟಿಗೆಯ ಪಟ್ಟಿ ಇಡೋಣ ಎಂದ ಖಾಜಾ. ಅದು ನಡೆಯುತ್ತಿತ್ತೋ ಏನೋ, ಅಷ್ಟರಲ್ಲಿ ಮಹಾರುದ್ರಪ್ಪನವರಿಗೆ ತಮ್ಮ ಜನ್ಮದ ಕಸುಬು ನೆನಪಿಗೆ ಬಂತು. ಬೆಲ್ಲದ ಗಟ್ಟಿ ಪಾಕ. ಕಾಯಿಸಿ ಸುರಿದು ತಣ್ಣಗಾದರೆ ಕೊಡತಿಯಿಂದ ಹೊಡೆದರೂ ಬಿಡದು. ಒಂದು ಮೊಳೆಯಿಲ್ಲ, ಒಂದು ತೂತಿಲ್ಲ. ಅವರೇ ಒಲೆಯ ಮುಂದೆ ಕೂತು ಪಾಕ ತೆಗೆದರು. ಎರಡು ಮೂಲೆಯ ಗುರುತಿಗೂ ಮುಷ್ಟಿ ಮುಷ್ಟಿ ಪಾಕ ಮೆತ್ತಿ, ಅದರಲ್ಲಿ ಜಾಲಿಯ ಗೂಟ ಚುಚ್ಚಿದರು. ಸಂಜೆಗೆ ಖಾಜಾ ದಾರ ಬಿಗಿದು ಬೆರಳಿಂದ ಮೀಟಿದರೆ ಝಂಯ್ ಎಂದಿತು. ಮಟ್ಟಪಟ್ಟಿ ಇಟ್ಟು ನೋಡಿದ, ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತು ಅಲ್ಲಾಡಲಿಲ್ಲ. ಇಂಥ ಕರಾಮತ್ತನ್ನು ಹೈದರಾಬಾದಿನಲ್ಲೂ ಕಂಡಿಲ್ಲ ಎಂದ. ಮಹಾರುದ್ರಪ್ಪನವರು ಹೆಂಡತಿಯನ್ನು ಕರೆದು ತೋರಿಸಿದರು. ಕಸ್ತೂರಿಬಾಯಿ ಬೆಲ್ಲವನ್ನು ನೋಡಿ, ಗಂಡನನ್ನು ನೋಡಿ, ಇರುವೆ ಪುಡಿ ತಂದು ಸುತ್ತ ಉದುರಿಸಿ ಹೋದಳು.

ಇರುವೆ ಬರಲಿಲ್ಲ. ಬಂದದ್ದು ಅವ್ವ.

ಮಹಾರುದ್ರಪ್ಪನವರ ತಾಯಿ ರುಕ್ಮಿಣಿಬಾಯಿ ಮರುದಿನ ಬೆಳಿಗ್ಗೆ ಪೂಜೆಯ ತಾಟು ಹಿಡಿದು ಬಚ್ಚಲಿನ ಬಾಗಿಲಲ್ಲಿ ನಿಂತರು. ಅಳಿಯ ಮೊದಲ ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಮೀಯುವ ಜಾಗ, ಮೊದಲ ಸಾಲಿಗೆ ಪೂಜೆಯಿಲ್ಲದೆ ಎರಡನೆಯ ಸಾಲು ಏಳಕೂಡದು ಎಂದರು. ಆಗಲಿ ಎಂದರು ಮಗ. ಬಚ್ಚಲಿನ ಪೂಜೆಗೆ ಹಂಡೆಯ ಒಲೆ ತಣ್ಣಗಿರಬಾರದು, ಗಂಗಮ್ಮನ ಮಗ್ಗುಲಲ್ಲಿ ಬೆಂಕಿ ಇರಬೇಕು ಎಂದರು. ಅದಕ್ಕೂ ಆಗಲಿ ಎಂದರು. ಹಂಡೆಯ ಒಲೆ ಉದ್ದ ಗೋಡೆಯ ಮೂಲೆಯಲ್ಲೇ ಇತ್ತು, ಬೆಂಕಿ ಹಾಕುವ ಬಾಯಿ ಮಾತ್ರ ಹಿತ್ತಲಿಗೆ. ಕೆಲಸ ಶುರುವಾದಂದಿನಿಂದ ಆರಿದ್ದ ಒಲೆಗೆ ರುಕ್ಮಿಣಿಬಾಯಿ ಸ್ವತಃ ಕಟ್ಟಿಗೆ ಒಟ್ಟಿದರು. ದೇವರ ಕೆಲಸವಾದ್ದರಿಂದ ಕೈ ಹಿಡಿಯದೆ ಒಟ್ಟಿದರು.

ಖಾಜಾ ಬಿಸ್ಮಿಲ್ಲಾ ಎಂದು ಮೊದಲ ಟೈಲ್ಸನ್ನು ದಾರಕ್ಕೆ ಹಿಡಿದು ಕೂರಿಸಿದ. ಆಮೇಲೆ ಎರಡನೆಯದು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಒಂದೊಂದಕ್ಕೂ ಥಾಪಿಯ ಹಿಡಿಕೆಯಿಂದ ಟಕ್ ಟಕ್ ಎಂದು ಬಡಿದು, ದಾರ ಎಲ್ಲಿದೆಯೋ ಅಲ್ಲಿಗೆ ಕೂದಲೂ ಹೆಚ್ಚಿಲ್ಲ ಕಡಿಮೆಯಿಲ್ಲದಂತೆ ಸೇರಿಸುತ್ತ ಹೋದ. ಗೌಂಡಿಗೆ ದಾರ ಎಂದರೆ ಹುಕುಂ. ಆ ಹುಕುಂ ಎಲ್ಲಿಂದ ಬರುತ್ತಿದೆ ಎಂದು ಅವನು ತಿರುಗಿ ನೋಡಲಿಲ್ಲ. ಹಂಡೆಯ ಮೂಲೆಯಲ್ಲಿ ಒಲೆಯ ಬಿಸಿಗೆ ಗೋಡೆ ಕಾಯುತ್ತಿತ್ತು. ಅಲ್ಲಿಯ ಬೆಲ್ಲ ಮೆಲ್ಲಗೆ ಮೈ ಸಡಿಲಿಸಿತು, ಗೂಟ ನಿಧಾನವಾಗಿ ಒಳಗೆ ವಾಲಿತು, ಝಂಯ್ ಎನ್ನುತ್ತಿದ್ದ ದಾರ ನಡುವೆ ಜೋತು ಬಿತ್ತು. ಅವನು ಅಷ್ಟೇ ನಿಷ್ಠೆಯಿಂದ ಜೋತ ದಾರಕ್ಕೆ ಟೈಲ್ಸು ಹಿಡಿದ. ಕೊನೆಯದು ಕೂತ ಕೂಡಲೇ ರುಕ್ಮಿಣಿಬಾಯಿ ಒಳಗೆ ನುಗ್ಗಿ, ಪ್ರತಿಯೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆರತಿ ಎತ್ತಿ, ಸಾಲಿಗೆ ಕೈ ಮುಗಿದರು.

ಅವರು ಹೊರಗೆ ಬಂದ ಮೇಲೆ ಮಹಾರುದ್ರಪ್ಪನವರು ಬಾಗಿಲಲ್ಲಿ ನಿಂತು ನೋಡಿದರು. ಬದಿಗೆ ಖಾಜಾ ಬಂದು ನಿಂತು ಅವನೂ ನೋಡಿದ. ಸಾಲು ಆ ಮೂಲೆಯಿಂದ ಮರ್ಯಾದೆಯಾಗಿ ಹೊರಟು, ನಡುವೆ ಎರಡು ಬೆರಳಿನಷ್ಟು ಕೆಳಗಿಳಿದು, ಮತ್ತೆ ಈ ಮೂಲೆಗೆ ಏರಿತ್ತು. ಗೋಡೆ ನಕ್ಕಂತೆ ಕಾಣುತ್ತಿತ್ತು.

“ಮಟ್ಟ ಅದ ಅಲ್ರಿ, ಸಾವಕಾರ್ರ?” ಎಂದ ಖಾಜಾ.

“ಅದ,” ಎಂದರು ಮಹಾರುದ್ರಪ್ಪನವರು.

ಖಾಜಾ ಬಾಯಿ ಬಿಟ್ಟರೆ ಹೈದರಾಬಾದಿನ ದವಾಖಾನೆ ಕುಸಿಯುತ್ತಿತ್ತು. ಮಹಾರುದ್ರಪ್ಪನವರು ಬಾಯಿ ಬಿಟ್ಟರೆ ಬೆಲ್ಲದ ಕರಾಮತ್ತು ಯಾರದು ಎಂಬ ಪ್ರಶ್ನೆ ಏಳುತ್ತಿತ್ತು. ಸಿಮೆಂಟು ಹಸಿಯಿರುವಾಗಲೇ ಸಾಲನ್ನು ಎಬ್ಬಿಸಿಬಿಡೋಣವೇ ಎಂದು ಮಹಾರುದ್ರಪ್ಪನವರು ಪಿಸುಗುಟ್ಟಿದ್ದು ಹಿತ್ತಲಲ್ಲಿದ್ದ ಅವ್ವನ ಕಿವಿಗೆ ಬಿತ್ತು. ಬೇರೆ ಯಾವ ಮಾತೂ ಬೀಳದ ಕಿವಿ ಅದು. ಪೂಜೆಯಾದದ್ದನ್ನು ಕೀಳುವವರು ಮೊದಲು ತನ್ನನ್ನು ಈ ಮನೆಯಿಂದ ಕೀಳಲಿ ಎಂದು ಅಲ್ಲಿಂದಲೇ ಹೇಳಿದರು. ಆಮೇಲೆ ಕೀಳುವ ಮಾತೇ ಇರಲಿಲ್ಲ. ಮೊದಲ ಸಾಲಿನ ಮೇಲೆ ಎರಡನೆಯ ಸಾಲು ಕೂತಿತು, ಎರಡನೆಯದರ ಮೇಲೆ ಮೂರನೆಯದು. ಪ್ರತಿ ಸಾಲೂ ಕೆಳಗಿನದರ ಸ್ವಭಾವವನ್ನೇ ಹಿಡಿಯಿತು. ಎದೆಮಟ್ಟಕ್ಕೆ ಬರುವ ಹೊತ್ತಿಗೆ ಇಡೀ ಗೋಡೆ ಹಲ್ಲು ಬಿಟ್ಟು ನಗುತ್ತಿತ್ತು.

ದೀಪಾವಳಿ ಹತ್ತಿರ ಬಂದಂತೆ ಮಹಾರುದ್ರಪ್ಪನವರಿಗೆ ಊಟ ಬೇಡವಾಯಿತು. ಹಗಲಿಗೆ ಎಷ್ಟೋ ಸಲ ಬಚ್ಚಲಿಗೆ ಹೋಗಿ, ಒಂದು ಕಾಲು ಮಡಚಿ, ಕತ್ತು ಓರೆ ಮಾಡಿ, ಯಾವ ಮೂಲೆಯಿಂದ ನೋಡಿದರೆ ನೆಟ್ಟಗೆ ಕಾಣುತ್ತದೆ ಎಂದು ಹುಡುಕಿದರು. ಎಲ್ಲಿಂದಲೂ ಕಾಣಲಿಲ್ಲ. ಕಡೆಗೆ ಅವರಿಗೆ ಹೊಳೆದದ್ದು ಉಗಿ. ಹಂಡೆಯ ಕೆಳಗೆ ಬೆಂಕಿ ಜೋರು ಮಾಡಿ, ಕಿಟಕಿ ಮುಚ್ಚಿ, ದೊಡ್ಡ ಬಲ್ಬು ತೆಗೆದು ಸಣ್ಣದು ಹಾಕಿದರೆ ಒಳಗೆ ಹೋದವನಿಗೆ ತನ್ನ ಕೈ ತನಗೆ ಕಾಣದು. ಬೀಗರು ಬಿಳುಪು ನೋಡುತ್ತಾರೆ, ಸಾಲು ನೋಡುವುದಿಲ್ಲ.

ಬೀಗರು ನೀರು ತುಂಬುವ ಹಬ್ಬದ ಸಂಜೆ ಬಸ್ಸಿನಿಂದ ಇಳಿದರು. ಬಸವಣಪ್ಪನವರು ಹೊಸ್ತಿಲು ದಾಟಿದವರೇ ಪಡಸಾಲೆಯ ಫೋಟೋ ನೋಡಿದರು. ಮಹಾರುದ್ರಪ್ಪನವರು ಅದನ್ನು ಆ ದಿನ ಮಟ್ಟಪಟ್ಟಿ ಇಟ್ಟು ತೂಗಿದ್ದರು. ಬೀಗರು ತಲೆದೂಗಿದರು. ಬಚ್ಚಲು ಬೆಳಿಗ್ಗೆಗೆ ಇರಲಿ, ಎಣ್ಣೆ ಹಚ್ಚಿಕೊಂಡ ಮೇಲೆ ಸಾವಕಾಶವಾಗಿ ನೋಡುತ್ತೇನೆ ಎಂದರು. ಸಾವಕಾಶ ಎಂಬ ಮಾತು ಮಹಾರುದ್ರಪ್ಪನವರಿಗೆ ಹಿಡಿಸಲಿಲ್ಲ.

ನಸುಕಿನಲ್ಲಿ ಮೊದಲು ಅಳಿಯ ದಿಗಂಬರನ ಸ್ನಾನವಾಯಿತು. ಕಸ್ತೂರಿಬಾಯಿ ಎಣ್ಣೆ ಹಚ್ಚಿ ಕಳಿಸಿದ್ದಳು. ಕಣ್ಣಿಗೆ ಸೀಗೆಪುಡಿ ಹೋಗಿ, ಹುಡುಗ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬಂದು, ಬಚ್ಚಲು ಬಹಳ ಚಲೋ ಅದ ಎಂದ. ಮೀರಾಬಾಯಿ ತಂದೆಯ ಕಡೆ ನೋಡಿ ನಕ್ಕಳು. ಅವಳ ನಗು ಕಂಡು ಮಹಾರುದ್ರಪ್ಪನವರಿಗೆ ಅರ್ಧ ಜೀವ ಬಂತು. ಹಬ್ಬದ ಊಟಕ್ಕೆ ಕರೆದಿದ್ದ ಖಾಜಾ ಅಷ್ಟು ಬೇಗ ಬಂದು ಹಿತ್ತಲಲ್ಲಿ ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ, ಆದರೂ ಒಡ್ಡುತ್ತಿದ್ದ.

ಬಸವಣಪ್ಪನವರು ಒಳಗೆ ಹೋದರು. ತಂಬಿಗೆಯ ಸದ್ದು ಕೇಳಿಸಿತು, ನೀರು ಬಿದ್ದ ಸದ್ದು ಕೇಳಿಸಿತು. ಆಮೇಲೆ ಯಾವ ಸದ್ದೂ ಇಲ್ಲ. ಹೊರಗೆ ಮಹಾರುದ್ರಪ್ಪನವರು ಟವೆಲು ಹಿಡಿದು ನಿಂತೇ ಇದ್ದರು. ಒಳಗಿನಿಂದ ಒಮ್ಮೆ ಅಯ್ಯೋ ಶಿವನೇ ಎಂಬ ಸಣ್ಣ ದನಿ ಬಂತು. ಬಾಗಿಲು ತೆರೆದಾಗ ಉಗಿಯ ಮುದ್ದೆಯ ಜೊತೆಗೆ ಬಸವಣಪ್ಪನವರು ಹೊರಗೆ ಬಂದರು. ಕಣ್ಣು ಮುಚ್ಚಿದ್ದರು. ಕತ್ತು ಒಂದು ಬದಿಗೆ ವಾಲಿತ್ತು. ಮಗನ ಹೆಗಲು ಹಿಡಿದು ನಡೆದು ಪಡಸಾಲೆಯ ಹೊರಸಿನ ಮೇಲೆ ಕುಳಿತು, ಒದ್ದೆ ಟವೆಲು ಕಣ್ಣಿಗೆ ಒತ್ತಿಕೊಂಡರು.

ಏನಾಯಿತೆಂದು ಎಲ್ಲರೂ ಸುತ್ತ ನೆರೆದರು. ಬಸವಣಪ್ಪನವರು ಎಂದೂ ಇಲ್ಲದ ಸಣ್ಣ ದನಿಯಲ್ಲಿ ಮಾತಾಡಿದರು.

“ದಿಗಂಬರ, ನನ್ನ ಕಣ್ಣು ಹೋದವಪಾ. ಬೀಗರ ಅಷ್ಟು ಚಂದದ ಗ್ವಾಡಿ ನನಗ ಜೋತು ಬಿದ್ದಂಗ ಕಾಣಾಕತ್ತಿತ್ತು. ಒಂದ ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಎರಡೂ ಹೋಗ್ಯಾವ.”

ಸ್ನಾನಕ್ಕೂ ಬಿಚ್ಚಿಡದ ಅಂಗಡಿಯ ಕೀಲಿಯನ್ನು ಒದ್ದೆ ಪಂಚೆಯ ಗಂಟಿನಿಂದ ಬಿಚ್ಚಿ ಮಗನ ಕೈಗೆ ಇಟ್ಟರು. ಕಣ್ಣಳತೆ ಇಲ್ಲದವನು ಅರಿವೆ ಹರಿದರೆ ಗಿರಾಕಿಗೆ ಅನ್ಯಾಯ, ಇವತ್ತಿನಿಂದ ಅಂಗಡಿ ನೀನೇ ನೋಡಿಕೋ ಎಂದರು. ಹೋಳಿಗೆ ಬೇಡ, ಮೊದಲ ಬಸ್ಸಿಗೆ ಗುಲಬರ್ಗಾದ ದವಾಖಾನೆಗೆ ಹೋಗೋಣ ಎಂದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸೀಗೆಪುಡಿಯ ನೀರಲ್ಲ.

ಮಹಾರುದ್ರಪ್ಪನವರು ಕಂಬಕ್ಕೆ ಒರಗಿ ನಿಂತಿದ್ದರು. ಅವರು ಗೆದ್ದಿದ್ದರು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಬಚ್ಚಲು ಮಟ್ಟ, ಮಾತು ಮಟ್ಟ, ಮಗಳ ಮಾತೂ ಮಟ್ಟ. ಹಿತ್ತಲ ಬಾಗಿಲಲ್ಲಿ ಖಾಜಾ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದ. ಕಸ್ತೂರಿಬಾಯಿ ಗಂಡನನ್ನೇ ನೋಡುತ್ತಿದ್ದಳು. ಮೀರಾಬಾಯಿ ಮಾತ್ರ ತಂದೆಯನ್ನು ನೋಡುತ್ತಿರಲಿಲ್ಲ. ಅವಳು ಮಾವನ ಕಾಲ ಬಳಿ ಕುಳಿತು ಅವರ ಪಾದ ತಿಕ್ಕುತ್ತಿದ್ದಳು, ಅವಳ ಕಣ್ಣೂ ತುಂಬಿತ್ತು. ಅದನ್ನು ನೋಡಿ ಮಹಾರುದ್ರಪ್ಪನವರಿಗೆ ತಡೆಯಲಾಗಲಿಲ್ಲ. ಮುಂದೆ ನಿಜವಾಗಲಿರುವುದನ್ನಲ್ಲ, ಈಗಾಗಲೇ ನಿಜವಾಗಿ ಹೋದದ್ದನ್ನು ಹೇಳುವ ಪ್ರಸಂಗ ಅವರಿಗೆ ಇದೇ ಮೊದಲು, ಆದ್ದರಿಂದ ನಾಲಿಗೆ ತೊದಲಿತು.

“ಬೀಗರ, ನಿಮ್ಮ ಕಣ್ಣು ನೆಟ್ಟಗದಾವ್ರಿ. ನಮ್ಮ ಗ್ವಾಡಿನೇ ಸೊಟ್ಟ ಅದ.”

ಒಮ್ಮೆ ಬಿಚ್ಚಿಕೊಂಡ ಮೇಲೆ ಮಹಾರುದ್ರಪ್ಪನವರು ನಿಲ್ಲಲಿಲ್ಲ. ಮೊಳೆ ಹೊಡೆಯುವಂತಿರಲಿಲ್ಲ ಎಂದರು. ಬೆಲ್ಲದ ಪಾಕ ತಮ್ಮದೇ ಬುದ್ಧಿ, ಖಾಜಾನದಲ್ಲ ಎಂದರು. ಅವ್ವ ಒಲೆ ಹಚ್ಚಿದ್ದು, ಬೆಲ್ಲ ಸಡಿಲಿಸಿದ್ದು, ದಾರ ಜೋತದ್ದು, ಜೋತ ದಾರಕ್ಕೆ ಪೂಜೆಯಾದದ್ದು ಎಲ್ಲ ಹೇಳಿದರು. ಕೊನೆಗೆ, ತಾವು ಕಲ್ಯಾಣದಲ್ಲಿ ಟೈಲ್ಸಿನ ಮಾತು ಆಡಿದ ದಿನ ಬಚ್ಚಲಿನಲ್ಲಿ ಹೊಗೆ ಬಿಟ್ಟರೆ ಏನೂ ಇರಲಿಲ್ಲ ಎಂದೂ, ಮೀರಾ ತಮ್ಮ ಮಾನಕ್ಕಾಗಿ ಹೌದೆಂದಳು, ಬೈಯುವುದಿದ್ದರೆ ತಮ್ಮನ್ನು ಬೈಯಿರಿ ಎಂದೂ ಹೇಳಿ ತಲೆ ತಗ್ಗಿಸಿ ನಿಂತರು.

ಬಸವಣಪ್ಪನವರು ಟವೆಲು ಸರಿಸಿ ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಎದುರಿಗಿದ್ದ ಕಂಬ ನೆಟ್ಟಗೆ ನಿಂತಿತ್ತು. ಎದ್ದು ಬಚ್ಚಲಿಗೆ ಹೋದರು, ಕಿಟಕಿ ತೆಗೆದರು, ಉಗಿ ಹೋಗಲು ಬಿಟ್ಟರು. ಆ ಕೊನೆಯಿಂದ ಈ ಕೊನೆಗೆ ಬೆರಳು ಆಡಿಸುತ್ತ, ನಡುವೆ ಎಷ್ಟು ಇಳಿದಿದೆ ಎಂದು ಕಣ್ಣಳತೆಯಲ್ಲೇ ಹೇಳಿದರು. ಖಾಜಾ ಪಟ್ಟಿ ಹಿಡಿದು ನೋಡಿದ, ಸರಿಯಾಗಿತ್ತು. ಆಗ ಆ ಹಿರಿಯ ಮನುಷ್ಯ ನಗತೊಡಗಿದರು. ಒದ್ದೆ ಪಂಚೆಯಲ್ಲಿ, ಎಣ್ಣೆ ಹೋಗದ ತಲೆಯಲ್ಲಿ, ಹಂಡೆಯ ಕಟ್ಟೆಯ ಮೇಲೆ ಕುಳಿತು, ಪಕ್ಕೆ ಹಿಡಿದುಕೊಂಡು ನಕ್ಕರು. ಪಡಸಾಲೆಗೆ ವಾಪಸು ಬಂದು ಮಗನ ಮುಂದೆ ಕೈ ಚಾಚಿದರು.

“ಕೀಲಿ ಇಲ್ಲೆ ತಾ,” ಎಂದರು.

ದಿಗಂಬರ ಆಗಲೇ ಅದನ್ನು ಜೇಬಿಗೆ ಹಾಕಿಕೊಂಡಿದ್ದ. ಸ್ವಲ್ಪ ಹುಡುಕಿದಂತೆ ಮಾಡಿ ಕೊಟ್ಟ.

ಖಾಜಾನಿಗೆ ಈಗ ಮಾತಾಡುವ ಧೈರ್ಯ ಬಂತು. ದವಾಖಾನೆಯಲ್ಲಿ ತಾನು ಪೆಟ್ಟಿಗೆ ಹೊತ್ತವನು ಮಾತ್ರ ಎಂದು ಒಪ್ಪಿಕೊಂಡ. ಒಪ್ಪಿಕೊಂಡು, ಸೊಟ್ಟ ಇರುವುದು ಖರೆ, ಆದರೆ ಸೋರುವುದಿಲ್ಲ ಎಂದು ಬೀಗರನ್ನು ಬೆಲ್ಲದ ಕೋಣೆಗೆ ಕರೆದೊಯ್ದ. ಬಸವಣಪ್ಪನವರು ಗೋಡೆ ಮುಟ್ಟಿ ನೋಡಿದರು, ಪೆಂಟೆ ಮುಟ್ಟಿ ನೋಡಿದರು. ಒಣಗಿತ್ತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಹೂಂ ಎಂದರು. ಖಾಜಾ ಅಂದು ಹೋಳಿಗೆಯನ್ನು ತಲೆ ಎತ್ತಿ ಉಂಡ.

ಊಟದ ಹೊತ್ತಿಗೆ ರುಕ್ಮಿಣಿಬಾಯಿಗೆ ಯಾರೋ ಕಿವಿಯಲ್ಲಿ ಎಲ್ಲವನ್ನೂ ಕೂಗಿ ಹೇಳಿದರು. ಮುದುಕಿಗೆ ಆಶ್ಚರ್ಯವಾಯಿತು. ಅಳಿಯನ ಮೊದಲ ದೀವಳಿಗೆಯೆಂದು ಗೌಂಡಿ ಬೇಕಂತಲೇ ಗೋಡೆಗೆ ತೋರಣ ಕಟ್ಟಿದ್ದಾನೆ ಎಂದೇ ಅವರು ತಿಳಿದಿದ್ದರು. ಅದಕ್ಕೇ ಕೀಳಲು ಬಿಡಲಿಲ್ಲ. ಅಷ್ಟು ಚಂದದ ತೋರಣ ಎಲ್ಲೂ ಕಂಡಿಲ್ಲವಂತೆ.

ಮರುದಿನ ಬೀಗರು ಹೊರಟರು. ಚೀಲಗಳು ಹೊರಗೆ ಹೋದವು, ಮೀರಾಬಾಯಿ ಅಜ್ಜಿಯ ಕಾಲಿಗೆ ಬಿದ್ದಳು. ಬಸವಣಪ್ಪನವರು ಹೊಸ್ತಿಲ ಹತ್ತಿರ ಹೋದವರು ನಿಂತರು. ಪಡಸಾಲೆಯ ಗೋಡೆಯಲ್ಲಿ ರುಮಾಲು ಸುತ್ತಿದ ಮಹಾರುದ್ರಪ್ಪನವರ ಫೋಟೋ ಮಟ್ಟಪಟ್ಟಿ ಇಟ್ಟ ಹಾಗೆಯೇ ಇತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಆದರೂ ಅವರ ಕೈ ಮೇಲೆ ಹೋಯಿತು. ಇನ್ನೂ ಏನು ತಪ್ಪಿತೋ ಎಂದು ಮಹಾರುದ್ರಪ್ಪನವರು ಎರಡು ಹೆಜ್ಜೆ ಮುಂದೆ ಬಂದರು.

ಬಸವಣಪ್ಪನವರು ಫೋಟೋದ ಕೆಳಗಿನ ಮೂಲೆಗೆ ಬೆರಳಿಟ್ಟು ಅದನ್ನು ಎರಡು ಬೆರಳಿನಷ್ಟು ಸೊಟ್ಟ ಮಾಡಿದರು. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ನೋಡಿದರು.

“ಈಗ ಬಚ್ಚಲಕ್ಕ ಸರೀ ಕೂತದ ನೋಡ್ರಿ, ಬೀಗರ,” ಎಂದು ಹೇಳಿ ಮೆಟ್ಟಿಲಿಳಿದರು.